ಸಂತಿ ನೋಡಿದ್ರ ಊರು ನೋಡಿದಂಗ

ಊರು ನೋಡುವುದು ಬೇರೆ, ಸಂತೆ ಮಾಡುವುದು ಬೇರೆ ಎನ್ನುವವರ ಜೊತೆ ನನ್ನದು ಹಳೆಯ ತಕರಾರು. ಕೋಟೆ, ಗುಡಿ, ಅರಮನೆ ನೋಡಿ ಬಂದವರು ಎಲ್ಲರ ಮುಂದೆ ಕುಳಿತು ವರ್ಣಿಸುತ್ತಾರೆ. ಬಜಾರಿನಲ್ಲಿ ಅರ್ಧ ದಿನ ಕಳೆದವರು ಮಾತ್ರ ಅದನ್ನು ಹೇಳಲು ಹಿಂದೆ ಮುಂದೆ ನೋಡುತ್ತಾರೆ, ಏನೋ ತಪ್ಪು ಮಾಡಿ ಬಂದವರಂತೆ. ಪ್ರವಾಸಕ್ಕೆ ಕರೆದೊಯ್ಯುವ ಗಾಡಿಯವರೂ ಹಾಗೇ. ನೋಡುವ ಜಾಗವೆಲ್ಲ ಮುಗಿದ ಮೇಲೆ, ಬಸ್ಸು ಬಿಡುವ ಮುಂಚೆ, 'ಶಾಪಿಂಗಿಗೆ ಒಂದು ತಾಸು' ಎಂದು ಇಳಿಸುತ್ತಾರೆ. ಒಂದು ತಾಸಿನಲ್ಲಿ ಯಾರ ಕೈಯಿಂದ ಏನು ಕೊಂಡರು, ಅದನ್ನು ಮಾಡಿದವರು ಯಾರು, ಯಾವುದೂ ಗೊತ್ತಾಗುವುದಿಲ್ಲ. ಒಂದು ಚೀಲ ತುಂಬುತ್ತದೆ, ಅಷ್ಟೇ.

ಈ ಮಾತು ಮೊನ್ನೆ ಮತ್ತೆ ಎದ್ದದ್ದು ಹಿತ್ತಲಲ್ಲಿ. ನಮ್ಮ ಹಿತ್ತಲಿಗೂ ಪಕ್ಕದ ಮನೆ ಅಕ್ಕನ ಹಿತ್ತಲಿಗೂ ನಡುವೆ ಇರುವುದು ಸಾಲಾಗಿ ನಿಲ್ಲಿಸಿದ ಶಹಾಬಾದಿ ಪರಸಿ. ಎದೆಮಟ್ಟದ್ದು, ಮೊಣಕೈ ಊರಿ ಮಾತಾಡಲು ಸರಿಯಾಗಿದೆ. ಅಕ್ಕನ ಮಗಳು ಬೆಂಗಳೂರಲ್ಲಿ ನೌಕರಿ ಮಾಡುತ್ತಾಳೆ. ಗಂಡನ ಜೊತೆ ಬ್ಯಾಂಕಾಕಿಗೆ ಹೋಗಿಬಂದು ಅವ್ವನನ್ನು ನೋಡಲು ಅಬ್ಬೆತುಮಕೂರಿಗೆ ಬಂದಿದ್ದಳು. ಮಠಕ್ಕೆ ಹೋಗಿ ವಿಶ್ವಾರಾಧ್ಯರ ಗದ್ದಿಗೆಗೆ ಕಾಯಿ ಒಡೆಸಿ, ಎರಡು ದಿನ ಇದ್ದು ಹೋದಳು. ಆಕೆ ಹೋದ ಮೇಲೆ ಅಕ್ಕ ಪರಸಿಯ ಹತ್ತಿರ ಬಂದು ನಿಂತಳು.

"ಏನೇನ್ ನೋಡ್ಯಾಳಂತ್ರೀ ಅಕ್ಕಾ?" ಎಂದೆ.

"ಮಲಗಿದ ಬುದ್ಧನ ನೋಡ್ಯಾಳ. ಬಂಗಾರದ ಬುದ್ಧನ ನೋಡ್ಯಾಳ. ಅರಮನಿ ಗೋಡಿ ಮ್ಯಾಲೆ ರಾಮಾಯಣ ಬರದಾರಂತ, ಅದನ್ನ ನೋಡ್ಯಾಳ. ಮತ್ತ ಸಂತ್ಯಾಗ ಬಾಳ ಹೊತ್ತು ಕಳದೆ ಅಂತ ಸಣ್ಣ ಮಾರಿ ಮಾಡಿ ಹೇಳಿದಳು ನೋಡು."

ನಾನು ಅಲ್ಲೇ ಹಿಡಿದೆ. ಸಣ್ಣ ಮಾರಿ ಯಾಕೆ ಮಾಡಬೇಕು? ಆಕೆ ಹೊತ್ತು ಕಳೆದದ್ದು ಚತುಚಕ್ ಎನ್ನುವ ವಾರಾಂತ್ಯದ ಸಂತೆಯಲ್ಲಿ. ಶನಿವಾರ, ಭಾನುವಾರ ಎಲ್ಲ ಅಂಗಡಿಗಳೂ ತೆರೆದಿರುತ್ತವೆ. ಲೆಕ್ಕ 15,000 ಅಂಗಡಿಗಿಂತ ಹೆಚ್ಚು ಎನ್ನುತ್ತಾರೆ, 27 ವಿಭಾಗ. ಬಟ್ಟೆ, ಗಿಡ, ಮಣ್ಣಿನ ಪಾತ್ರೆ, ಹಳೆಯ ಪುಸ್ತಕ, ಊಟ, ಎಲ್ಲವೂ ಒಂದೇ ಬಯಲಿನಲ್ಲಿ. ನಡುವೆ ಒಂದು ಗಡಿಯಾರದ ಕಂಬ ಇದೆ. ತಪ್ಪಿಸಿಕೊಂಡವರು ಅಲ್ಲಿ ಬಂದು ಕೂಡಿಕೊಳ್ಳುತ್ತಾರೆ. ಹೋಗಿಬಂದವರೆಲ್ಲ ಒಂದೇ ಬುದ್ಧಿ ಹೇಳುತ್ತಾರೆ: ಮನಸ್ಸಿಗೆ ಬಂದದ್ದು ಕಂಡರೆ ಅಲ್ಲೇ ಕೊಂಡುಬಿಡಬೇಕು, ಆಮೇಲೆ ನೋಡೋಣ ಎಂದರೆ ಆ ಅಂಗಡಿ ಮತ್ತೆ ಸಿಗುವುದಿಲ್ಲ. ಇಷ್ಟು ದೊಡ್ಡ ಸಂತೆಯನ್ನು ನೋಡಿಬಂದು, ಅದನ್ನು ನೋಡಿದ ಜಾಗಗಳ ಲೆಕ್ಕಕ್ಕೆ ಸೇರಿಸದಿದ್ದರೆ ಹೇಗೆ?

"ನೀ ಏನರ ಅನ್ನು, ಗುಡಿ ಗುಡಿನೇ, ಸಂತಿ ಸಂತಿನೇ" ಎಂದಳು ಅಕ್ಕ.

ಆಗ ನಾನು ಹೈದರಾಬಾದ್ ತೆಗೆದೆ. ನಮ್ಮ ಯಾದಗಿರಿ ಭಾಗದವರಿಗೆ ದೊಡ್ಡ ಊರು ಎಂದರೆ ಮೊದಲು ನೆನಪಾಗುವುದು ಬೆಂಗಳೂರಲ್ಲ, ಹೈದರಾಬಾದ್. ಅದು ನಿನ್ನೆ ಮೊನ್ನೆಯ ನಂಟಲ್ಲ. 1956ರ ನವೆಂಬರ್ 1ರವರೆಗೆ ಯಾದಗಿರಿ ಗುಲ್ಬರ್ಗಾ ಜಿಲ್ಲೆಯೊಳಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಬಿದ್ದದ್ದು 1874ರಲ್ಲಿ. ಯಾದಗಿರಿಯಲ್ಲಿ ರೈಲು ಹತ್ತಿ ವಾಡಿ, ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ಎಂದು ಎಣಿಸುತ್ತ ಹೋದರೆ ಊರು ಬಂತು. ರಸ್ತೆಯಲ್ಲಿ ಹೋಗುವವರಿಗೆ ಗುರುಮಠಕಲ್, ಕೊಡಂಗಲ್ ದಾರಿ. ದವಾಖಾನೆಗೂ ಅಲ್ಲೇ, ಓದಲಿಕ್ಕೂ ಅಲ್ಲೇ, ಮದುವೆ ಜವಳಿಗೂ ಅಲ್ಲೇ. ಕಾಚಿಗುಡದಲ್ಲಿ ಕನ್ನಡದವರ ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ. ಗಡಿ ಆಚೆಯಾದರೂ ಅದು ನಮಗೆ ಪರಊರಲ್ಲ.

ಆ ಊರನ್ನು ಕಟ್ಟಿದ ರೀತಿಯನ್ನೇ ನೋಡಿ. 1591ರಲ್ಲಿ ಮಹಮ್ಮದ್ ಕುಲಿ ಕುತುಬ್ ಶಾಹ ಚಾರ್‌ಮಿನಾರ್ ಎತ್ತಿಸಿದ. ಅದನ್ನು ಊರ ಹೊರಗೆ ಗುಡ್ಡದ ಮೇಲೆ ಕಟ್ಟಲಿಲ್ಲ. ನಾಲ್ಕು ದಾರಿ ಕೂಡುವ ಜಾಗದಲ್ಲಿ ಕಟ್ಟಿ, ಆ ನಾಲ್ಕೂ ದಾರಿಯ ಎರಡೂ ಕಡೆ ಅಂಗಡಿಗಳಿರಲಿ ಎಂದು ಊರಿನ ನಕ್ಷೆ ಹಾಕಿಸಿದ. ಅಂದರೆ ನಡುವೆ ಸ್ಮಾರಕ, ಸುತ್ತ ಸಂತೆ. ಎರಡನ್ನೂ ಒಂದೇ ಕೈ ಮಾಡಿದ್ದು. ಈಗ ನಾವು ಚಾರ್‌ಮಿನಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಗಾಡಿ ಹತ್ತಿದರೆ ಆ ರಾಜ ಕಟ್ಟಿಸಿದ್ದರಲ್ಲಿ ಅರ್ಧ ಮಾತ್ರ ನೋಡಿದಂತಾಯಿತು.

ಉಳಿದ ಅರ್ಧ ಪಶ್ಚಿಮದ ಕಡೆ ತಿರುಗಿದರೆ ಸಿಗುತ್ತದೆ. ಲಾಡ್ ಬಜಾರ್. ಬಳೆಯ ಓಣಿ. ಸಂಜೆ ದೀಪ ಹಚ್ಚಿದ ಮೇಲೆ ಹೋಗಬೇಕು; ಗಾಜಿನ ಕಪಾಟಿನಲ್ಲಿ ಜೋಡಿಸಿದ ಅರಗಿನ ಬಳೆಗಳ ಹರಳು ಒಂದೇ ಸಲ ಹೊಳೆಯುತ್ತವೆ, ಕಣ್ಣು ಎಲ್ಲಿಡಬೇಕೋ ತಿಳಿಯುವುದಿಲ್ಲ. 'ದೋ-ಚಾರ್, ದೋ-ಛೇ' ಎಂದು ಅಂಗಡಿಯವರು ಕೂಗುವುದು ಬಳೆಯ ಅಳತೆ. ನಮ್ಮವರಿಗೆ ಭಾಷೆಯ ತೊಂದರೆಯೇ ಇಲ್ಲ. ಯಾದಗಿರಿ, ಶಹಾಪುರ, ಸುರಪುರದ ಬಜಾರಿನಲ್ಲಿ ಆಡುವ ದಖನಿಯೇ ಅಲ್ಲಿಯೂ ನಡೆಯುತ್ತದೆ. 'ಕೈಕು' ಎಂದರೆ ಅವರಿಗೂ ತಿಳಿಯುತ್ತದೆ, 'ನಕ್ಕೊ' ಎಂದರೆ ನಮಗೂ ತಿಳಿಯುತ್ತದೆ.

ಆದರೆ ನಾನು ಅಕ್ಕನಿಗೆ ಹೇಳಿದ್ದು ಅಂಗಡಿಯ ಮಾತಲ್ಲ, ಅಂಗಡಿಯ ಹಿಂದಿನ ಮಾತು. ಆ ಓಣಿಯಲ್ಲಿ ಕೆಲವು ಕಡೆ ಬಳೆ ಮಾಡುವವರು ಎದುರಿಗೇ ಕುಳಿತಿರುತ್ತಾರೆ. ಅವರ ಮುಂದೆ ಇದ್ದಿಲಿನ ಒಲೆ. ಅರಗು ಅಂದರೆ ಮುತ್ತುಗ, ಬಾರಿ ಇಂಥ ಗಿಡದ ಟೊಂಗೆಯ ಮೇಲೆ ಒಂದು ಸಣ್ಣ ಹುಳ ಬಿಡುವ ಅಂಟು. ಅದನ್ನು ಕಾಯಿಸಿ ಮೆತ್ತಗೆ ಮಾಡಿ, ಮೇಲೆ ಬಣ್ಣದ ಅರಗು ಬಳಿದು, ಉರುಳಿಸಿ ಉದ್ದಕ್ಕೆ ಎಳೆಯುತ್ತಾರೆ. ಅಳತೆಗೆ ಕತ್ತರಿಸಿ, ಬಗ್ಗಿಸಿ, ಎರಡು ತುದಿ ಕೂಡಿಸಿ, ಕಟ್ಟಿಗೆಯ ಗುಂಡಿಗೆ ತೊಡಿಸಿ ದುಂಡಗೆ ಮಾಡುತ್ತಾರೆ. ಬಿಸಿ ಆರುವ ಮುಂಚೆ ಒಂದೊಂದೇ ಹರಳನ್ನು ಚಿಮಟಿಯಿಂದ ಹಿಡಿದು ಒತ್ತಬೇಕು. ತಡ ಮಾಡಿದರೆ ಹರಳು ಹಿಡಿಯುವುದಿಲ್ಲ, ಬಿಸಿ ಹೆಚ್ಚಾದರೆ ಬಳೆ ಸೊಟ್ಟಾಗುತ್ತದೆ. ಬೆರಳ ತುದಿ ಸುಟ್ಟು ಸುಟ್ಟು ಗಟ್ಟಿಯಾಗಿರುತ್ತದೆ. ಹಳೆ ಊರಿನ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತು ಈ ಹರಳಿನ ಕೆಲಸ ಮಾಡುತ್ತಾರೆ. 2024ರಲ್ಲಿ ಹೈದರಾಬಾದಿನ ಅರಗಿನ ಬಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಇದನ್ನು ಹತ್ತು ನಿಮಿಷ ನಿಂತು ನೋಡಿದವರು ಚೌಕಾಸಿ ಮಾಡುವ ರೀತಿಯೇ ಬದಲಾಗುತ್ತದೆ. ಚೌಕಾಸಿ ಬೇಡ ಎನ್ನುವವಳಲ್ಲ ನಾನು. ಅದು ಬಜಾರಿನ ಮಾತುಕತೆ. ಮಾಡದಿದ್ದರೆ ಅಂಗಡಿಯವರಿಗೇ ಸಪ್ಪೆ ಅನಿಸುತ್ತದೆ. ಬೋಣಿಯ ಹೊತ್ತಿಗೆ ಹೋದರೆ ಅವರು ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಮಾಡುವುದಿಲ್ಲ, ಅದೂ ಗೊತ್ತಿರಲಿ. ಆದರೆ ಯಂತ್ರದಲ್ಲಿ ಎರಕ ಹೊಯ್ದ ಬಳೆಯ ಧಾರಣೆಯನ್ನು ಕೈಯಿಂದ ಒತ್ತಿದ ಹರಳಿನ ಬಳೆಗೆ ಕೇಳಬಾರದು. ಎರಡೂ ಪಕ್ಕಪಕ್ಕದಲ್ಲೇ ತೂಗುತ್ತಿರುತ್ತವೆ. ವ್ಯತ್ಯಾಸ ತಿಳಿಯಬೇಕಾದರೆ ಒಲೆಯ ಮುಂದೆ ನಿಲ್ಲಬೇಕು.

"ಮತ್ತ ಮುತ್ತು?" ಎಂದಳು ಅಕ್ಕ. ಹೈದರಾಬಾದ್ ಎಂದ ಮೇಲೆ ಮುತ್ತಿನ ಮಾತು ಬರದೇ ಇರುವುದಿಲ್ಲ.

ಮುತ್ತಿನ ಸಾಲು ಪತ್ಥರಗಟ್ಟಿಯಲ್ಲಿದೆ. ಕಲ್ಲಿನ ಕಮಾನುಗಳ ಕೆಳಗೆ ಒಂದೇ ಅಳತೆಯ ಅಂಗಡಿಗಳು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ ಊರನ್ನು ಹೊಸದಾಗಿ ಕಟ್ಟುವ ಕೆಲಸ ಶುರುವಾಯಿತು, ಆ ಕಾಲದ ಯೋಜನೆಯಲ್ಲಿ ಎದ್ದ ಬಜಾರ್ ಅದು. ಸಮುದ್ರವೇ ಇಲ್ಲದ ಊರಿಗೆ ಮುತ್ತು ಎಲ್ಲಿಂದ ಬಂತು? ಒಂದು ಕಾಲಕ್ಕೆ ಬಸ್ರಾದ ಕಡೆಯಿಂದ, ಕೊಲ್ಲಿಯ ನೀರಿನಿಂದ. ಹೈದರಾಬಾದ್ ಹೆಸರಾದದ್ದು ಮುತ್ತು ಬೆಳೆದದ್ದಕ್ಕಲ್ಲ, ತೂತು ಕೊರೆಯುವ, ಬಣ್ಣ ಬಿಡಿಸಿ ಸಾಣೆ ಹಿಡಿಯುವ, ಅಳತೆಗೆ ವಿಂಗಡಿಸಿ ಪೋಣಿಸುವ ಕೈಗಾರಿಕೆಗೆ. ಈಗ ಅಲ್ಲಿ ಮಾರುವ ಮುತ್ತಿನಲ್ಲಿ ಬಹುಪಾಲು ಚೀನಾದ ಸಿಹಿನೀರಿನಲ್ಲಿ ಸಾಕಿ ಬೆಳೆಸಿದ್ದು. ಅದರಲ್ಲಿ ಮೋಸವೇನೂ ಇಲ್ಲ, ಅದೂ ಮುತ್ತೇ. ಪ್ಲಾಸ್ಟಿಕ್ಕಿನದು ಮಾತ್ರ ಮೋಸ. ಹಲ್ಲಿಗೆ ಮೆಲ್ಲಗೆ ಉಜ್ಜಿದರೆ ನಿಜವಾದ ಮುತ್ತು ಮರಳಿನ ಹಾಗೆ ಗರಗರ ಅನ್ನುತ್ತದೆ, ನಕಲಿ ಜಾರುತ್ತದೆ. ಅಂಗಡಿಯವರ ಎದುರಿಗೇ ಉಜ್ಜಿ ನೋಡಿ, ಒಳ್ಳೆಯ ಅಂಗಡಿಯವರು ಬೇಡವೆನ್ನುವುದಿಲ್ಲ. ಆಟೊದವರು 'ಫ್ಯಾಕ್ಟರಿ ತೋರಿಸ್ತೀನಿ ಬರ್ರಿ' ಎಂದರೆ ಮಾತ್ರ ಇಳಿಯಬೇಡಿ.

ಅಕ್ಕ ನಕ್ಕಳು. "ನಮ್ ಹುಡುಗಿಗೂ ಹಂಗೇ ಆಗ್ಯದ" ಎಂದಳು. ಬ್ಯಾಂಕಾಕಿನಲ್ಲಿ ಅರಮನೆಯ ಹತ್ತಿರ ಯಾರೋ ಒಬ್ಬ ಬಂದು, ಇವತ್ತು ಅರಮನೆ ಬಂದ್ ಇದೆ, ಬೇರೆ ಗುಡಿ ತೋರಿಸುತ್ತೇನೆ, ಹರಳಿನ ಅಂಗಡಿಯಲ್ಲಿ ಇವತ್ತೇ ಸೂಟ್ ಎಂದನಂತೆ. ಹುಡುಗಿ ಜಾಣೆ, ಗೇಟಿನವರೆಗೆ ನಡೆದು ಹೋಗಿ ನೋಡಿದಳು. ತೆರೆದೇ ಇತ್ತು. ಅಲ್ಲಿಗೆ ಹೋಗುವವರೆಲ್ಲ ಇದನ್ನು ನೆನಪಿಡಬೇಕು. ಬಾಗಿಲು ತೆರೆದಿದೆಯೋ ಇಲ್ಲವೋ ಎನ್ನುವುದನ್ನು ಬಾಗಿಲ ಹತ್ತಿರವೇ ಕೇಳಬೇಕು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇಲ್ಲದಿದ್ದರೆ ಅರಮನೆಯ ಒಳಗೆ ಬಿಡುವುದಿಲ್ಲ. ನಮ್ಮ ಸೀರೆಗೂ ಚೂಡಿದಾರಕ್ಕೂ ಆ ಚಿಂತೆ ಇಲ್ಲ.

ಬ್ಯಾಂಕಾಕ್ ರಾಜಧಾನಿಯಾದದ್ದು 1782ರಲ್ಲಿ, ಮೊದಲನೆಯ ರಾಮನ ಕಾಲದಲ್ಲಿ. ನಮ್ಮ ಹೈದರಾಬಾದ್ ಅದಕ್ಕಿಂತ 191 ವರ್ಷ ಹಿರಿಯದು. ಆದರೂ ಎರಡರ ರೀತಿ ಒಂದೇ. ಅಲ್ಲಿಯ ವಾಟ್ ಫೋ ಗುಡಿಯ ಮಲಗಿದ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಪಾದದ ಮೇಲೆ ಮುತ್ತಿನ ಚಿಪ್ಪು ಕೂರಿಸಿ 108 ಶುಭಚಿಹ್ನೆ ಬಿಡಿಸಿದ್ದಾರೆ. ಆ ಗುಡಿಯಿಂದ ನಡೆಯುವ ದೂರದಲ್ಲಿ, ಚಾವೊ ಫ್ರಾಯಾ ನದಿಯ ದಂಡೆಯ ಹತ್ತಿರ, ಪಾಕ್ ಖ್ಲೋಂಗ್ ತಲಾತ್ ಎನ್ನುವ ಹೂವಿನ ಪೇಟೆ. ಹಗಲು ರಾತ್ರಿ ನಡೆಯುವ ಪೇಟೆ ಅದು. ರಾತ್ರಿ ಲಾರಿ ಲಾರಿ ಹೂವು ಇಳಿಯುತ್ತದೆ, ಚೆಂಡುಹೂವಿನ ಗುಡ್ಡೆ, ಮಲ್ಲಿಗೆಯ ಮೊಗ್ಗು. ಹೆಂಗಸರು ಕುಳಿತಲ್ಲೇ ದೇವರಿಗೆ ಸಣ್ಣ ಸಣ್ಣ ಹಾರ ಕಟ್ಟುತ್ತಾರೆ. ಬೆಳಗಾದರೆ ಆ ಹಾರ ಬುದ್ಧನ ಮುಂದೆ, ಕಾರಿನ ಕನ್ನಡಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಗೂಡಿಗೆ. ಹೀಗಿರುವಾಗ ಗುಡಿ ಎಲ್ಲಿ ಮುಗಿಯಿತು, ಸಂತೆ ಎಲ್ಲಿ ಶುರುವಾಯಿತು ಹೇಳಿ?

ಅಲ್ಲಿಂದ ಮುಂದೆ ಫಾಹುರಾತ್ ಬಜಾರ್. ಪಂಜಾಬಿನಿಂದ ಹೋದ ಸಿಖ್ಖರು ಬೆಳೆಸಿದ ಬಟ್ಟೆಯ ಪೇಟೆ, ನಡುವೆ ಅವರ ಗುರುದ್ವಾರ. ಸಿಲೋಮ್ ರಸ್ತೆಯಲ್ಲಿ ತಮಿಳರು 19ನೆಯ ಶತಮಾನದಲ್ಲಿ ಕಟ್ಟಿದ ಮಾರಿಯಮ್ಮನ ಗುಡಿ, ನವರಾತ್ರಿಗೆ ದೊಡ್ಡ ಮೆರವಣಿಗೆ. ಬಟ್ಟೆ ಮಾರಲು ಹೋದವರು, ದನ ಸಾಕಲು ಹೋದವರು ದೇವರನ್ನೂ ಕರೆದುಕೊಂಡು ಹೋದರು. ಊರಿನಿಂದ ಒಂದೂವರೆ ತಾಸು ದೂರದ ಮೇಕ್ಲೋಂಗ್‌ನಲ್ಲಿ ರೈಲಿನ ಹಳಿಯ ಮೇಲೇ ಕಾಯಿಪಲ್ಲೆ ಸಂತೆ. ರೈಲು ಕೂಗಿದ ಕೂಡಲೇ ನೆರಳಿನ ಬಟ್ಟೆ ಮಡಿಚಿ, ಬುಟ್ಟಿ ಹಿಂದೆ ಎಳೆದುಕೊಂಡು, ರೈಲು ಹೋದ ಮೇಲೆ ಮತ್ತೆ ಹರಡುತ್ತಾರೆ. ಈಗ ಅದನ್ನು ನೋಡಲೆಂದೇ ದೇಶದೇಶದಿಂದ ಜನ ಬರುತ್ತಾರೆ. ಮಾರುವವರಿಗೆ ಅದು ದಿನದ ಕೆಲಸ. ನೋಡುವವರು ದಾರಿಗೆ ಅಡ್ಡ ನಿಲ್ಲದೆ, ಒಂದು ಹಣ್ಣಾದರೂ ಕೊಂಡು, ಆಮೇಲೆ ಮೊಬೈಲ್ ಎತ್ತಿದರೆ ಚೆಂದ.

"ಅಲ್ಲ, ಮ್ಯೂಸಿಯಂ ಅಂತರೂ ಸಂತಿ ಅಲ್ಲಲ್ಲ?" ಅಕ್ಕ ಸೋಲಲು ತಯಾರಿರಲಿಲ್ಲ. ಸಾಲಾರ್‌ಜಂಗ್ ಮ್ಯೂಸಿಯಂ ಆಕೆಗೆ ಬಹಳ ಇಷ್ಟ. ಮಗಳು ಸಣ್ಣವಳಿದ್ದಾಗ ತೋರಿಸಿಕೊಂಡು ಬಂದಿದ್ದಳು. ಮಧ್ಯಾಹ್ನ 12ಕ್ಕೆ ದೊಡ್ಡ ಗಡಿಯಾರದ ಮುಂದೆ ಜನ ಕೂಡುತ್ತಾರೆ, ಗಡ್ಡದ ಸಣ್ಣ ಗೊಂಬೆ ಹೊರಗೆ ಬಂದು ಗಂಟೆ ಬಡಿದು ಒಳಗೆ ಹೋಗುತ್ತದೆ. ಬೆನ್ಝೋನಿ ಎಂಬ ಇಟಲಿಯ ಶಿಲ್ಪಿ ಮಾಡಿದ ಮುಸುಕಿನ ರೆಬೆಕ್ಕಳ ಮೂರ್ತಿ ಅಲ್ಲಿದೆ. ಮುಖದ ಮೇಲಿನ ತೆಳ್ಳನೆಯ ಸೆರಗೂ ಅದೇ ಕಲ್ಲಿನದು. ನೋಡಿದರೆ ಊದಿದರೆ ಹಾರೀತು ಅನಿಸುತ್ತದೆ.

ನನ್ನ ಮಾತಿಗೆ ಅತ್ಯಂತ ಗಟ್ಟಿ ಸಾಕ್ಷಿ ಆ ಮ್ಯೂಸಿಯಮ್ಮೇ. ಅದು ಹೇಗಾಯಿತು? ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, 1912ರಿಂದ 1914ರವರೆಗೆ ನಿಜಾಮರ ದಿವಾನರಾಗಿದ್ದವರು. ಹುದ್ದೆ ಬಿಟ್ಟ ಮೇಲೆ ಉಳಿದ ಆಯುಷ್ಯವನ್ನೂ ದುಡ್ಡನ್ನೂ ಸಾಮಾನು ಕೊಳ್ಳುವುದರಲ್ಲೇ ಕಳೆದರು. ಮದುವೆ ಆಗಲಿಲ್ಲ. ದೇಶವಿದೇಶದ ವ್ಯಾಪಾರಿಗಳು ಅವರ ದೇವಡಿಗೆ ಗಂಟು ಹೊತ್ತು ಬರುತ್ತಿದ್ದರು. ತಾವೂ ಹೋಗಿ ಕೊಂಡು ತರುತ್ತಿದ್ದರು. ಗಡಿಯಾರ, ಗಾಜು, ಕಟ್ಟಿಗೆಯ ಕೆತ್ತನೆ, ಕೈಬರಹದ ಪುಸ್ತಕ, ಮಕ್ಕಳ ಆಟಿಕೆ, ಏನೂ ಬಿಡಲಿಲ್ಲ. 1949ರಲ್ಲಿ ಅವರು ತೀರಿಕೊಂಡರು. 1951ರ ಡಿಸೆಂಬರಿನಲ್ಲಿ ನೆಹರೂ ಬಂದು ಆ ಮನೆಯನ್ನೇ ಮ್ಯೂಸಿಯಂ ಎಂದು ತೆರೆದರು, 1968ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಒಬ್ಬ ಮನುಷ್ಯ ಪ್ರೀತಿಯಿಂದ, ನೋಡಿ ನೋಡಿ ಮಾಡಿದ ಸಂತೆಯನ್ನೇ ನಾವು ಟಿಕೆಟ್ ತೆಗೆದು ನೋಡುವುದು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೌದಲ್ಲ ತಂಗಿ, ನಮ್ ಮಠದ ಜಾತ್ರಿನೂ ಹಂಗೇ ಅಲ್ಲೇನು?" ಎಂದಳು.

ಅದನ್ನು ನಾನು ಹೇಳುವ ಮುಂಚೆ ಆಕೆಯೇ ಹೇಳಿದ್ದು ಒಳ್ಳೆಯದಾಯಿತು. ಅಬ್ಬೆತುಮಕೂರಿನ ಜಾತ್ರೆಗೆ ಬಂದವರು ಗದ್ದಿಗೆಗೆ ನಮಸ್ಕಾರ ಮಾಡಿ, ತೇರು ನೋಡಿ, ದಾಸೋಹದಲ್ಲಿ ಊಟ ಮಾಡಿ, ಅಲ್ಲಿಗೆ ಮನೆಗೆ ಹೋಗುತ್ತಾರೆಯೇ? ಬಳೆ ಅಂಗಡಿಯ ಮುಂದೆ ಕೈ ಚಾಚಿ ಕೂಡದ ಹೆಣ್ಣುಮಗಳು ಯಾರು? ಬೆಂಡು ಬತ್ತಾಸು, ಚುರುಮರಿ, ಮಿರ್ಚಿ ಭಜಿ, ಮಗುವಿಗೊಂದು ಪೀಪಿ, ಅತ್ತೆಗೊಂದು ಕುಂಕುಮದ ಭರಣಿ. ಬರುವ ಸಲ ಬಂದಾಗ ಅದೇ ಬಳೆಗಾರ 'ಹೋದ ವರ್ಷ ಹಸಿರು ಹಾಕ್ಕೊಂಡಿದ್ರಿ' ಎಂದು ನೆನಪು ಮಾಡುತ್ತಾನೆ. ಜಾತ್ರೆ ಎಂದರೆ ಭಕ್ತಿ, ಬಜಾರ್, ಬೀಗರ ಭೇಟಿ ಮೂರೂ ಕೂಡಿದ್ದು. ಒಂದನ್ನು ತೆಗೆದರೆ ಜಾತ್ರೆ ಉಳಿಯುವುದಿಲ್ಲ. ಇಷ್ಟು ಚೆನ್ನಾಗಿ ಮನೆಯ ಬಾಗಿಲಲ್ಲೇ ಗೊತ್ತಿರುವುದನ್ನು ದೊಡ್ಡ ಊರಿಗೆ ಹೋದ ಕೂಡಲೇ ಯಾಕೆ ಮರೆಯುತ್ತೇವೋ.

ಬುದ್ಧನ ಮಾತು ಬಿಟ್ಟುಹೋಗುತ್ತಿತ್ತು. ಬ್ಯಾಂಕಾಕಿನ ಮಲಗಿದ ಬುದ್ಧನನ್ನು ಅಕ್ಕ ಬಾಯಿ ತುಂಬ ಹೊಗಳಿದಾಗ, ಶಹಾಪುರದ ಬೆಟ್ಟದ ಸಾಲು ನೆನಪು ಮಾಡಿದೆ. ದೂರದಿಂದ ನೋಡಿದರೆ ಹಣೆ, ಮೂಗು, ಎದೆ ಎಲ್ಲ ತಿಳಿಯುವ ಹಾಗೆ ಬುದ್ಧ ಮಲಗಿದ್ದಾನೆ, ಯಾರೂ ಕಡೆದದ್ದಲ್ಲ. ಭೀಮೆಯ ದಂಡೆಯ ಸನ್ನತಿಗೆ ಹೋದರೆ ಕನಗನಹಳ್ಳಿಯ ಸ್ತೂಪದ ಕಲ್ಲುಗಳಿವೆ, ಅಶೋಕನ ಹೆಸರು ಕೆತ್ತಿದ ಅಶೋಕನದೇ ಚಿತ್ರ ಸಿಕ್ಕಿದ್ದು ಅಲ್ಲಿ. ಹೈದರಾಬಾದಿನ ಹುಸೇನ್ ಸಾಗರದ ನಡುವೆ ನಿಂತಿರುವ 58 ಅಡಿಯ ಬುದ್ಧನನ್ನು 1990ರಲ್ಲಿ ದೋಣಿಯಲ್ಲಿ ಸಾಗಿಸುವಾಗ ದೋಣಿ ಮಗುಚಿ ಮೂರ್ತಿ ನೀರಿಗೆ ಬಿತ್ತು, ಕೆಲಸಗಾರರು ಜೀವ ಕಳೆದುಕೊಂಡರು. ಎರಡು ವರ್ಷ ತಳದಲ್ಲಿದ್ದು, 1992ರ ಡಿಸೆಂಬರ್ 1ರಂದು ನಿಂತಿತು. ಇಷ್ಟೆಲ್ಲ ಬುದ್ಧರ ನಡುವೆ ನಾವಿದ್ದೇವೆ. ಮಗಳು ಮುಂದಿನ ಸಲ ಬಂದಾಗ ಒಂದು ಬೆಳಗ್ಗೆ ಶಹಾಪುರದ ದಾರಿಗೆ ಕರೆದುಕೊಂಡು ಹೋಗಿ ತೋರಿಸಿರಿ ಎಂದೆ. ಅಕ್ಕ ಒಪ್ಪಿದಳು.

ಹೊರಡುವವರಿಗೆ ನನ್ನದೊಂದು ವಿನಂತಿ. ಮದುವೆ ಜವಳಿಗೋ ದವಾಖಾನೆಗೋ ಹೈದರಾಬಾದಿಗೆ ಹೋದಾಗ ಒಂದು ಇಡೀ ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಬೆಳಗ್ಗೆ ಸಾಲಾರ್‌ಜಂಗ್, ಮಧ್ಯಾಹ್ನ 12ರ ಗಂಟೆ ಕೇಳಿ, ಪತ್ಥರಗಟ್ಟಿಯ ಕಮಾನಿನ ಕೆಳಗೆ ನಡೆದುಕೊಂಡೇ ಚಾರ್‌ಮಿನಾರಿಗೆ ಹೋಗಿ. ಒಂದು ಇರಾನಿ ಚಹಾ, ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಸಂಜೆ ಲಾಡ್ ಬಜಾರಿನಲ್ಲಿ ಬಳೆ ಮಾಡುವವರ ಹತ್ತಿರ ನಿಂತು, ಮಕ್ಕಳಿಗೂ ತೋರಿಸಿ, ಆಮೇಲೆ ಕೊಳ್ಳಿ. ಸಾಲಾರ್‌ಜಂಗ್ ಮ್ಯೂಸಿಯಮ್ಮಿಗೆ ಶುಕ್ರವಾರ ರಜೆ. ಆ ದಿನ ಬಿಟ್ಟು ಹೊರಡಿ.